ತಿಂಗಳು ತಿದ್ದಲು ಹೋಗಿ ವಾರಕ್ಕೆ ಸಿಲುಕಿದವರು

ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ 1928ರಿಂದ 1989ರವರೆಗೆ ವರ್ಷಕ್ಕೆ ಹದಿಮೂರು ತಿಂಗಳು ನಡೆದವು. ಕ್ಯಾಮೆರಾ, ಫಿಲ್ಮ್ ತಯಾರಿಸುತ್ತಿದ್ದ ಆ ದೊಡ್ಡ ಕಂಪನಿ ತನ್ನ ಉತ್ಪಾದನೆ, ಮಾರಾಟ, ಖರ್ಚುವೆಚ್ಚಗಳ ಲೆಕ್ಕವನ್ನು ತಲಾ 28 ದಿನಗಳ ಹದಿಮೂರು ಅವಧಿಗಳಲ್ಲಿ ಇಡುತ್ತಿತ್ತು. ಗೇಟು ದಾಟಿ ಮನೆಗೆ ಹೋದ ನೌಕರರಿಗೆ ಅಲ್ಲಿ ಎಲ್ಲರಂತೆ ಹನ್ನೆರಡೇ ತಿಂಗಳು. ಕಂಪನಿ ಕಟ್ಟಿದ ಜಾರ್ಜ್ ಈಸ್ಟ್‌ಮನ್‌ಗೆ ಮಾತ್ರ ಒಂದಲ್ಲ ಒಂದು ದಿನ ಇಡೀ ಜಗತ್ತೇ ಈ ಲೆಕ್ಕಕ್ಕೆ ಬಂದೀತು ಎಂಬ ಗಟ್ಟಿ ನಂಬಿಕೆಯಿತ್ತು. 1932ರಲ್ಲಿ ತೀರಿಕೊಳ್ಳುವವರೆಗೂ ಅವರು ಅದಕ್ಕಾಗಿ ಹಣ ಸುರಿದರು.

ಯೋಜನೆ ಈಸ್ಟ್‌ಮನ್ ಅವರದಲ್ಲ, ಮೋಸೆಸ್ ಕಾಟ್ಸ್‌ವರ್ತ್ ಅವರದು. ಇಂಗ್ಲೆಂಡಿನ ರೈಲ್ವೆ ಕಂಪನಿಯೊಂದರಲ್ಲಿ ಅಂಕಿಅಂಶಗಳ ಕೆಲಸ ಮಾಡುತ್ತಿದ್ದ ಕಾಟ್ಸ್‌ವರ್ತ್‌ಗೆ ತಿಂಗಳಿಂದ ತಿಂಗಳಿಗೆ ಆದಾಯ ಹೋಲಿಸುವುದೇ ತಲೆನೋವಾಗಿತ್ತು. ಫೆಬ್ರವರಿಗಿಂತ ಮಾರ್ಚಿನಲ್ಲಿ ಹತ್ತು ಪರ್ಸೆಂಟ್ ಹೆಚ್ಚು ದುಡಿಮೆಯಾಯಿತು ಎಂದರೆ ಅದರಲ್ಲಿ ಹೆಚ್ಚಳವೇ ಇಲ್ಲದಿರಬಹುದು, ಏಕೆಂದರೆ ಮಾರ್ಚಿನಲ್ಲಿ ದಿನಗಳೇ ಅಷ್ಟು ಹೆಚ್ಚು. ಒಂದು ತಿಂಗಳಲ್ಲಿ ನಾಲ್ಕು ಭಾನುವಾರ, ಇನ್ನೊಂದರಲ್ಲಿ ಐದು. ಹೀಗಾಗಿ ಅವರು 1902ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡುವ ದಾರಿ ಹುಡುಕಿದರು. ಮುಂದೆ ರೂಪುಗೊಂಡ ಯೋಜನೆಯಲ್ಲಿ ಜೂನ್ ಮತ್ತು ಜುಲೈ ನಡುವೆ 'ಸೋಲ್' ಎಂಬ ಹೊಸ ತಿಂಗಳು ಬಂತು. ಪ್ರತಿ ತಿಂಗಳ ಒಂದನೆಯ ತಾರೀಕು ಭಾನುವಾರ, 28 ಶನಿವಾರ. ಒಂದೇ ಪುಟದ ಕ್ಯಾಲೆಂಡರ್ ಜೀವಮಾನವಿಡೀ ಸಾಕು.

ಅವರು ಎತ್ತಿದ ದೂರು ಸುಳ್ಳಲ್ಲ. ಈಗಿನ ವರ್ಷದ ಮೊದಲ ತ್ರೈಮಾಸಿಕಕ್ಕೆ 90 ದಿನ, ಅಧಿಕ ವರ್ಷವಾದರೆ 91. ಎರಡನೆಯದಕ್ಕೆ 91, ಉಳಿದೆರಡಕ್ಕೆ 92. ಜನವರಿಯಿಂದ ಜೂನ್‌ವರೆಗೆ 181 ದಿನ, ಜುಲೈಯಿಂದ ಡಿಸೆಂಬರ್‌ವರೆಗೆ 184. 28 ದಿನ ವಾಸಿಸಿದವನೂ 31 ದಿನ ವಾಸಿಸಿದವನೂ ಕೊಡುವುದು ಅದೇ ಬಾಡಿಗೆ. ವಾರ ಮತ್ತು ತಾರೀಕಿನ ಜೋಡಿ ವರ್ಷವರ್ಷಕ್ಕೂ ಬದಲಾಗುವುದರಿಂದ ಹದಿನಾಲ್ಕು ಬಗೆಯ ಕ್ಯಾಲೆಂಡರುಗಳು ಸರದಿಯಲ್ಲಿ ಬರುತ್ತವೆ. ಸ್ವಾತಂತ್ರ್ಯ ದಿನ 2025ರಲ್ಲಿ ಶುಕ್ರವಾರ, 2026ರಲ್ಲಿ ಶನಿವಾರ, 2027ರಲ್ಲಿ ಭಾನುವಾರ. ಶಾಲೆ, ಕೋರ್ಟು, ಬ್ಯಾಂಕು, ಕಾರ್ಖಾನೆಗಳು ರಜಾಪಟ್ಟಿಯನ್ನು ಪ್ರತಿವರ್ಷ ಹೊಸದಾಗಿಯೇ ಮಾಡಬೇಕು.

ಈ ಏರುಪೇರಿನ ಮೂಲದ ಬಗ್ಗೆ ಪ್ರಚಲಿತವಾಗಿರುವ ಒಂದು ಕಥೆಯನ್ನು ಇಲ್ಲಿಯೇ ಬದಿಗಿಡಬೇಕು. ರೋಮಿನ ಚಕ್ರವರ್ತಿ ಅಗಸ್ಟಸ್ ತನ್ನ ಹೆಸರಿನ ತಿಂಗಳು ಜೂಲಿಯಸ್ ಸೀಸರನ ತಿಂಗಳಿಗಿಂತ ಚಿಕ್ಕದಾಗಿರಬಾರದೆಂದು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡನಂತೆ. ಶಾಲೆಯಲ್ಲಿ ಕೇಳಿದ ಅನೇಕರು ಇದನ್ನು ಇನ್ನೂ ನಂಬುತ್ತಾರೆ. ಇದು 13ನೇ ಶತಮಾನದ ವಿದ್ವಾಂಸ ಸ್ಯಾಕ್ರೊಬಾಸ್ಕೊನ ಬರಹದಿಂದ ಹಬ್ಬಿದ್ದು. ಸೀಸರನಿಗಿಂತ ಮೊದಲೇ ಫೆಬ್ರವರಿಗೆ 28 ದಿನಗಳಿದ್ದವು. ಕ್ರಿ.ಪೂ. 46ರಲ್ಲಿ ಸೀಸರ್ ವರ್ಷವನ್ನು ಸೂರ್ಯನಿಗೆ ಹೊಂದಿಸಿದಾಗ ಅದನ್ನು ಹಾಗೆಯೇ ಬಿಟ್ಟು ಬೇರೆ ತಿಂಗಳುಗಳಿಗೆ ದಿನ ಸೇರಿಸಿದ.

ಕಾಟ್ಸ್‌ವರ್ತ್ ಅವರ ಯೋಜನೆಯಲ್ಲಿ ಸಣ್ಣಪುಟ್ಟ ತೊಡಕುಗಳಿದ್ದವು. ಹದಿಮೂರನ್ನು ಎರಡಾಗಿಯೂ ನಾಲ್ಕಾಗಿಯೂ ಸರಿಯಾಗಿ ಒಡೆಯಲಾಗದು; ತ್ರೈಮಾಸಿಕವೆಂದರೆ ಮೂರೂಕಾಲು ತಿಂಗಳು. 13ನೇ ತಾರೀಕಿನ ಶುಕ್ರವಾರ ಅಪಶಕುನವೆಂದು ಅಂಜುವ ಪಾಶ್ಚಾತ್ಯರಿಗೆ ಅದು ಎಲ್ಲ ತಿಂಗಳಲ್ಲೂ ತಪ್ಪದೆ ಬರುತ್ತಿತ್ತು. ಇವನ್ನೆಲ್ಲ ಹೇಗೋ ದಾಟಬಹುದಿತ್ತು. ದಾಟಲಾಗದ ತೊಡಕು ಬೇರೆಯೇ ಇತ್ತು. 28ರ ಹದಿಮೂರು ಪಟ್ಟು 364. ಸೂರ್ಯನ ಸುತ್ತ ಭೂಮಿ ಒಂದು ಸುತ್ತು ಮುಗಿಸಲು 365 ದಿನ ಮತ್ತು ಸ್ವಲ್ಪ ಹೆಚ್ಚು ಬೇಕು. ಆ ಉಳಿದ ಒಂದು ದಿನವನ್ನು ಏನು ಮಾಡುವುದು? ಡಿಸೆಂಬರ್ 28ರ ಶನಿವಾರ ಕಳೆದ ಮೇಲೆ ಬರುವ ದಿನಕ್ಕೆ ಯಾವ ವಾರವೂ ಬೇಡ, ಅದು ಬರೀ 'ವರ್ಷದಿನ', ಅದರ ಮರುದಿನ ಹೊಸ ವರ್ಷದ ಭಾನುವಾರ ಎಂದರು ಕಾಟ್ಸ್‌ವರ್ತ್. ಅಧಿಕ ವರ್ಷದಲ್ಲಿ ಇಂಥ ವಾರವಿಲ್ಲದ ದಿನಗಳು ಎರಡು.

ಈ ಉಪಾಯವೂ ಅವರದೇ ಅಲ್ಲ. ಇಟಲಿಯ ಪಾದ್ರಿ ಮಾರ್ಕೊ ಮಾಸ್ಟ್ರೊಫಿನಿ 1834ರಲ್ಲೇ ಇದನ್ನು ಬರೆದಿದ್ದರು. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1849ರಲ್ಲಿ ಹದಿಮೂರು ತಿಂಗಳುಗಳಿಗೆ ಹೋಮರ್, ಅರಿಸ್ಟಾಟಲ್, ಡಾಂಟೆ, ಗುಟೆನ್‌ಬರ್ಗ್, ಷೇಕ್ಸ್‌ಪಿಯರ್ ಮುಂತಾದ ಮಹನೀಯರ ಹೆಸರಿಟ್ಟು ಇದೇ ಬಗೆಯ ಕ್ಯಾಲೆಂಡರ್ ರೂಪಿಸಿದ್ದ. ಆದರೆ ಅವೆಲ್ಲ ಪುಸ್ತಕದಲ್ಲೇ ಉಳಿದವು. ಮೊದಲ ಮಹಾಯುದ್ಧ ಮುಗಿದು ರಾಷ್ಟ್ರಸಂಘ ಹುಟ್ಟಿದ ಮೇಲೆ ಮಾತ್ರ ಜಗತ್ತಿಗೆಲ್ಲ ಒಂದೇ ಸುಧಾರಿತ ಕ್ಯಾಲೆಂಡರ್ ಕೊಡಬಲ್ಲ ವೇದಿಕೆ ಸಿಕ್ಕಿತೆಂದು ಎಲ್ಲರಿಗೂ ಅನ್ನಿಸಿತು. ರಾಷ್ಟ್ರಸಂಘ 1923ರಲ್ಲಿ ಈ ವಿಷಯ ಕೈಗೆತ್ತಿಕೊಂಡಾಗ ನೂರಕ್ಕೂ ಹೆಚ್ಚು ಯೋಜನೆಗಳು ಬಂದು ಬಿದ್ದವು.

1931ರ ಅಕ್ಟೋಬರಿನಲ್ಲಿ ಜಿನೀವಾದಲ್ಲಿ ಸಮ್ಮೇಳನ ಸೇರಿತು. ಅಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಯಹೂದ್ಯರ ಮುಖ್ಯ ಧರ್ಮಗುರು ಜೋಸೆಫ್ ಹರ್ಟ್ಸ್ ಎದ್ದುನಿಂತು ವಿರೋಧಿಸಿದರು. ಅವರ ವಾದ ಸರಳ. ಯಹೂದ್ಯರಿಗೆ ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಏಳನೆಯ ದಿನ, ಎಂಟನೆಯದಲ್ಲ. ವರ್ಷಕ್ಕೊಂದು ದಿನವನ್ನು ಎಣಿಕೆಯಿಂದ ಹೊರಗಿಟ್ಟರೆ ಮುಂದಿನ ವರ್ಷದಿಂದ ನಿಜವಾದ ಸಬ್ಬತ್ ಸರ್ಕಾರಿ ಕ್ಯಾಲೆಂಡರಿನ ಶುಕ್ರವಾರಕ್ಕೆ ಬೀಳುತ್ತದೆ, ಅದರ ಮುಂದಿನ ವರ್ಷ ಗುರುವಾರಕ್ಕೆ. ಧರ್ಮ ಪಾಲಿಸುವವನು ಪ್ರತಿವರ್ಷ ಬೇರೆ ಬೇರೆ ವಾರ ಕೆಲಸಕ್ಕೆ ರಜೆ ಕೇಳಬೇಕು. ಮಕ್ಕಳನ್ನು ಶಾಲೆಯಿಂದ ಬಿಡಿಸಬೇಕು. ಶನಿವಾರ ಪಾಲಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರೂ ಇದೇ ಮಾತು ಹಿಡಿದು ಹೋರಾಡಿದರು. ಶುಕ್ರವಾರದ ನಮಾಜಿಗೂ ಭಾನುವಾರದ ಪ್ರಾರ್ಥನೆಗೂ ಇದೇ ಗತಿ.

ಇದನ್ನು ಧಾರ್ಮಿಕ ಹಟವೆಂದು ತಳ್ಳಿಹಾಕುವುದು ತಪ್ಪು. ಗುರುವಾರ ರಾಯರ ಮಠಕ್ಕೆ ಹೋಗುವವರು, ಶನಿವಾರ ಒಪ್ಪತ್ತು ಮಾಡುವವರು ಕರ್ನಾಟಕದ ಊರೂರಲ್ಲೂ ಇದ್ದಾರೆ. ಧರ್ಮದ ಮಾತನ್ನು ಬಿಟ್ಟರೂ ಹಳ್ಳಿಯ ವ್ಯಾಪಾರ ವಾರದ ಮೇಲೆ ನಿಂತಿದೆ. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳ ಹೆಸರಲ್ಲೇ ವಾರ ಸೇರಿಕೊಂಡಿದೆ. ಇವತ್ತು ಈ ಊರಿನ ಸಂತೆ ಮುಗಿಸಿ ನಾಳೆ ಮುಂದಿನ ಊರಿಗೆ ಹೊರಡುವ ವ್ಯಾಪಾರಿಗೆ ತಿಂಗಳು ಎಷ್ಟು ದಿನದ್ದಾದರೂ ಆದೀತು, ವಾರ ತಪ್ಪಿದರೆ ಇಡೀ ಸುತ್ತೇ ತಪ್ಪುತ್ತದೆ. ಪಂಚಾಂಗದ ಐದು ಅಂಗಗಳಲ್ಲಿ ತಿಥಿ, ನಕ್ಷತ್ರ, ಯೋಗ, ಕರಣಗಳಿಗೆ ಆಕಾಶದಲ್ಲಿ ಆಧಾರವಿದೆ. ವಾರಕ್ಕೆ ಮಾತ್ರ ಇಲ್ಲ. ಅದು ಬರೀ ಎಣಿಕೆ. ಭಾರತದಲ್ಲಿ ವಾರದ ಹೆಸರು ಹೊತ್ತ ಅತಿ ಹಳೆಯ ಶಾಸನವೆಂದು ಹೆಸರಾದದ್ದು ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ ಕಂಬ, ಕ್ರಿ.ಶ. 484ರ ಒಂದು ಗುರುವಾರ ಅದರಲ್ಲಿ ದಾಖಲಾಗಿದೆ. ಅಂದಿನಿಂದ ಇಂದಿನವರೆಗೆ ಆ ಎಣಿಕೆ ಒಮ್ಮೆಯೂ ಕಡಿದಿಲ್ಲ.

ಪೋಪ್ ಗ್ರೆಗರಿ ಕೂಡ ಅದನ್ನು ಮುಟ್ಟಲಿಲ್ಲ. ಹಳೆಯ ಜೂಲಿಯನ್ ಲೆಕ್ಕ ಸೂರ್ಯನಿಗಿಂತ ಹತ್ತು ದಿನ ಹಿಂದೆ ಬಿದ್ದಿತ್ತೆಂದು 1582ರಲ್ಲಿ ಅವರು ಹತ್ತು ತಾರೀಕುಗಳನ್ನು ಅಳಿಸಿದರು, ಆದರೆ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರವೇ ಆಯಿತು. ಬ್ರಿಟನ್ 1752ರಲ್ಲಿ ಹನ್ನೊಂದು ದಿನ ಬಿಟ್ಟಾಗಲೂ ಸೆಪ್ಟೆಂಬರ್ 2ರ ಬುಧವಾರದ ಬೆನ್ನಿಗೆ 14ರ ಗುರುವಾರ ಬಂತು. ರಷ್ಯಾ 1918ರಲ್ಲಿ ಜನವರಿ 31ರಿಂದ ನೇರ ಫೆಬ್ರವರಿ 14ಕ್ಕೆ ಜಿಗಿದಾಗಲೂ ವಾರ ಸರಿಯಾಗಿ ಮುಂದುವರಿಯಿತು. ಗೆದ್ದ ಸುಧಾರಣೆಗಳೆಲ್ಲ ವಾರವನ್ನು ಹಾಗೇ ಬಿಟ್ಟವು.

ವಾರದ ಮೇಲೆ ಕೈಯಿಟ್ಟವರ ಪಾಡು ಬೇರೆ. ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರ 1793ರಲ್ಲಿ 30 ದಿನಗಳ ಹನ್ನೆರಡು ತಿಂಗಳು ಮಾಡಿ ಒಂದೊಂದನ್ನೂ ಹತ್ತು ದಿನಗಳ ಮೂರು ಭಾಗವಾಗಿ ಒಡೆಯಿತು. ಮಂಜು, ಹಿಮ, ಹೂ, ಸುಗ್ಗಿಗಳ ಮೇಲೆ ತಿಂಗಳುಗಳಿಗೆ ಹೊಸ ಹೆಸರುಗಳು ಬಂದವು. ಆದರೆ ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ವಿಶ್ರಾಂತಿ ಹತ್ತು ದಿನಕ್ಕೊಮ್ಮೆಗೆ ಇಳಿಯಿತು. ದುಡಿಯುವ ಮೈಗೆ ಅದು ಒಗ್ಗಲಿಲ್ಲ. ನೆಪೋಲಿಯನ್ 1806ರ ಜನವರಿ ಒಂದರಿಂದ ಹಳೆಯ ಕ್ಯಾಲೆಂಡರನ್ನೇ ಮರಳಿ ತಂದ.

ಸೋವಿಯತ್ ರಷ್ಯಾದ ಪ್ರಯೋಗ ಇನ್ನೂ ಕಠೋರ. ಕಾರ್ಖಾನೆಯ ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನಗಳ ವಾರ ಬಂತು. ಕಾರ್ಮಿಕರನ್ನು ಐದು ಗುಂಪು ಮಾಡಿ ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೊಂದು ರಜಾದಿನ ಕೊಟ್ಟರು. ಎಣಿಸಿದರೆ ರಜೆ ಮೊದಲಿಗಿಂತ ಹೆಚ್ಚೇ ಆಯಿತು. ಆದರೆ ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು. ಮಕ್ಕಳ ಶಾಲೆಗೆ ಮತ್ತೊಂದು ದಿನ ರಜೆ. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನವೇ ಇಲ್ಲವಾಯಿತು. ಯಂತ್ರಗಳೂ ಬಿಡುವಿಲ್ಲದೆ ಓಡಿ ಕೆಟ್ಟವು. 1931ರಲ್ಲಿ ಆರು ದಿನದ ವಾರವೆಂದು ಬದಲಾಯಿಸಿ ನೋಡಿದರು. ಕೊನೆಗೆ 1940ರ ಜೂನ್ 26ರಂದು ಹೊರಟ ಆಜ್ಞೆ ಏಳು ದಿನದ ವಾರವನ್ನೂ ಭಾನುವಾರದ ರಜೆಯನ್ನೂ ಮತ್ತೆ ಜಾರಿಗೆ ತಂದಿತು. ರಜೆ ಎಂದರೆ ದುಡಿಯದ ಒಂದು ದಿನವಷ್ಟೇ ಅಲ್ಲ, ನೆಂಟರಿಷ್ಟರೂ ಆ ದಿನ ಬಿಡುವಾಗಿರಬೇಕು ಎಂಬುದು ಯೋಜನೆ ಹಾಕಿದವರಿಗೆ ಹೊಳೆದಿರಲಿಲ್ಲ.

ಕಾಟ್ಸ್‌ವರ್ತ್ ಅವರ ಹದಿಮೂರು ತಿಂಗಳು ಹಿಂದೆ ಸರಿದಾಗ ಮುಂದೆ ಬಂದವರು ಎಲಿಸಬೆತ್ ಅಚೆಲಿಸ್. ನ್ಯೂಯಾರ್ಕಿನ ಶ್ರೀಮಂತ ಮನೆತನದ ಈ ಮಹಿಳೆ 1930ರಲ್ಲಿ ವಿಶ್ವ ಕ್ಯಾಲೆಂಡರ್ ಸಂಘ ಕಟ್ಟಿ, ಅದಕ್ಕೊಂದು ಪತ್ರಿಕೆ ನಡೆಸಿ, ದಶಕಗಳ ಕಾಲ ದೇಶದಿಂದ ದೇಶಕ್ಕೆ ಅಲೆದರು. ಅವರ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳೂ ಉಳಿದವು. ಪ್ರತಿ ತ್ರೈಮಾಸಿಕಕ್ಕೆ 31, 30, 30 ದಿನಗಳ ಮೂರು ತಿಂಗಳು, ಒಟ್ಟು 91 ದಿನ, ಸರಿಯಾಗಿ ಹದಿಮೂರು ವಾರ. ಭಾನುವಾರ ಬಿಟ್ಟರೆ ಎಲ್ಲ ತಿಂಗಳಲ್ಲೂ 26 ಕೆಲಸದ ದಿನ. ಬಹಳ ಚೊಕ್ಕವಾದ ರಚನೆ. ಆದರೆ ಡಿಸೆಂಬರ್ 30ರ ನಂತರ ಬರುವ 'ವಿಶ್ವದಿನ' ಇಲ್ಲಿಯೂ ವಾರದ ಹೊರಗೇ ನಿಂತಿತು. ಅದೇ ಪೆಟ್ಟು ಇಲ್ಲಿಯೂ ಬಿತ್ತು. ರಾಷ್ಟ್ರಸಂಘ 1937ರಲ್ಲಿ ಕಡತ ಮುಚ್ಚಿತು.

ಅದನ್ನು ಮತ್ತೆ ತೆರೆಸಿದ್ದು ಭಾರತ. ಸ್ವಾತಂತ್ರ್ಯ ಬಂದು ಆರೇ ವರ್ಷವಾಗಿದ್ದ 1953ರಲ್ಲಿ ಭಾರತ ಸರ್ಕಾರ ವಿಶ್ವ ಕ್ಯಾಲೆಂಡರಿನ ಪ್ರಸ್ತಾವವನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಅದನ್ನು ಸದಸ್ಯ ರಾಷ್ಟ್ರಗಳ ಅಭಿಪ್ರಾಯಕ್ಕೆ ಕಳಿಸಿತು. ತನ್ನ ಪ್ರಜೆಗಳಲ್ಲಿ ಅನೇಕರ ಧಾರ್ಮಿಕ ಆಚರಣೆಗೆ ಇದರಿಂದ ಧಕ್ಕೆಯಾಗುತ್ತದೆಂದು ಅಮೆರಿಕ 1955ರಲ್ಲಿ ಹೇಳಿತು. 1956ರಲ್ಲಿ ಮಂಡಳಿ ವಿಷಯವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿತು. ಆಮೇಲೆ ಅದು ಮೇಲೇಳಲೇ ಇಲ್ಲ.

ವಾರ ಮುರಿಯದೆ ವರ್ಷವನ್ನು ಸ್ಥಿರಗೊಳಿಸುವ ಒಂದು ದಾರಿ ಇದ್ದೇ ಇದೆ: ಉಳಿದ ದಿನಗಳನ್ನು ಕೂಡಿಟ್ಟು ಐದಾರು ವರ್ಷಕ್ಕೊಮ್ಮೆ ಒಂದು ಪೂರ್ತಿ ವಾರ ಸೇರಿಸುವುದು. ಅಧಿಕ ಮಾಸ ಕಂಡವರಿಗೆ ಅಧಿಕ ವಾರ ಹೊಸತೆನಿಸದು. ಐಸ್‌ಲೆಂಡಿನ ಜನ ಹತ್ತನೇ ಶತಮಾನದಲ್ಲೇ 52 ವಾರಗಳ ವರ್ಷ ಇಟ್ಟುಕೊಂಡು, ಅದು ಋತುವಿನಿಂದ ಸರಿದಾಗ ಬೇಸಿಗೆಯಲ್ಲಿ ಒಂದು ವಾರ ಸೇರಿಸುತ್ತಿದ್ದರು. ಅಲ್ಲಿ ಇಂದಿಗೂ ಏಪ್ರಿಲ್‌ನ ಒಂದು ಗುರುವಾರ 'ಬೇಸಿಗೆಯ ಮೊದಲ ದಿನ'ವೆಂದು ಸಾರ್ವತ್ರಿಕ ರಜೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ರಿಚರ್ಡ್ ಕಾನ್ ಹೆನ್ರಿ ಮತ್ತು ಅರ್ಥಶಾಸ್ತ್ರಜ್ಞ ಸ್ಟೀವ್ ಹ್ಯಾಂಕಿ ಈಗ ಮುಂದಿಡುತ್ತಿರುವುದೂ ಇಂಥದೇ ಕ್ಯಾಲೆಂಡರ್. ಇದರ ಲೆಕ್ಕದಲ್ಲಿ ಒಂದು ಸೊಗಸಿದೆ. ಗ್ರೆಗೋರಿಯನ್ ಕ್ಯಾಲೆಂಡರಿನ 400 ವರ್ಷಕ್ಕೆ 1,46,097 ದಿನ. ಏಳರಿಂದ ಭಾಗಿಸಿದರೆ ಒಂದಿಷ್ಟೂ ಉಳಿಯದೆ 20,871 ವಾರ. ಅಂದರೆ 400 ವರ್ಷದಲ್ಲಿ 71 ಸಲ ಅಧಿಕ ವಾರ ಇಟ್ಟರೆ ಸಾಕು. ಸಂಕ್ರಮಣ ಬಿಂದುಗಳು ತಾರೀಕಿನಿಂದ ಒಂದೆರಡಲ್ಲ, ಹಲವು ದಿನ ಅತ್ತಿತ್ತ ಸರಿಯುತ್ತವೆ ಎಂಬುದು ಇದರ ಕೊರತೆ. ಆದರೂ ಯಾರ ಶುಕ್ರವಾರವನ್ನೂ ಕಸಿಯದ ಪ್ರಸ್ತಾವ ಇದೊಂದೇ.

ಭಾರತ ವಿಶ್ವಸಂಸ್ಥೆಗೆ ಹೋದ ಕಾಲದಲ್ಲೇ ದೇಶದೊಳಗೆ ಇನ್ನೊಂದು ಕೆಲಸ ನಡೆದಿತ್ತು, ಇದಕ್ಕಿಂತ ದೊಡ್ಡದು. ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ನೇಮಕವಾಯಿತು. ಆಗ ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳಿದ್ದವು. ಒಂದೇ ಹಬ್ಬ ಎರಡು ಊರಲ್ಲಿ ಎರಡು ದಿನ. ನಕ್ಷತ್ರಗಳ ವಾತಾವರಣದ ಕಾವನ್ನು ಸಮೀಕರಣದಲ್ಲಿ ಹಿಡಿದಿದ್ದ ಸಾಹಾ ಈ ಗೋಜಲನ್ನು ಬಿಡಿಸಲು ಶಾಸನಗಳನ್ನೂ ಸಿದ್ಧಾಂತ ಗ್ರಂಥಗಳನ್ನೂ ಓದಿ, 1955ರಲ್ಲಿ ಸಮಿತಿಯ ವರದಿ ಕೊಟ್ಟರು. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಸಮಿತಿ ರೂಪಿಸಿದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1.

ಅದು ಎಷ್ಟು ಚೆನ್ನಾಗಿದೆಯೆಂದು ತಿಳಿದವರು ಕಡಿಮೆ. ಹಗಲು ರಾತ್ರಿ ಸಮವಾಗುವ ವಿಷುವದ ಮರುದಿನ ವರ್ಷ ಶುರು. ಚೈತ್ರಕ್ಕೆ 30 ದಿನ, ಅಧಿಕ ವರ್ಷದಲ್ಲಿ 31. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31, ಉಳಿದ ಆರಕ್ಕೆ 30. ಇದು ಯಾರದೋ ಇಷ್ಟಕ್ಕೆ ಬಂದದ್ದಲ್ಲ. ಜುಲೈ ಆಸುಪಾಸಿನಲ್ಲಿ ಭೂಮಿ ಸೂರ್ಯನಿಂದ ದೂರವಿದ್ದು ನಿಧಾನ ಚಲಿಸುತ್ತದೆ, ಜನವರಿಯಲ್ಲಿ ಹತ್ತಿರವಿದ್ದು ವೇಗವಾಗಿ. ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮರಳಿ ಬರಲು 179. ಆದ್ದರಿಂದ ಉದ್ದನೆಯ ತಿಂಗಳುಗಳು ಬೇಸಿಗೆ ಮತ್ತು ಮಳೆಗಾಲದ ಕಡೆಗೆ. ಇರಾನಿನ ಸೌರ ಕ್ಯಾಲೆಂಡರಿನಲ್ಲೂ ಇದೇ ತತ್ತ್ವ: ಮೊದಲ ಆರು ತಿಂಗಳು 31, ನಂತರದ ಐದು 30. ಅದು 1925ರಲ್ಲಿ ಕಾನೂನಾಗಿ ಇಂದು ಅಲ್ಲಿನ ಸಂಬಳ, ಶಾಲೆ, ಕೋರ್ಟು ಎಲ್ಲವನ್ನೂ ನಡೆಸುತ್ತಿದೆ.

ಭಾರತದಲ್ಲಿ ಹಾಗಾಗಲಿಲ್ಲ. ಶಕ ತಾರೀಕು ಭಾರತ ಸರ್ಕಾರದ ರಾಜಪತ್ರದಲ್ಲಿ ಅಚ್ಚಾಯಿತು, ಆಕಾಶವಾಣಿಯಲ್ಲಿ ಕೇಳಿಬಂತು, ಸರ್ಕಾರಿ ಕ್ಯಾಲೆಂಡರಿನ ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರವಾಗಿ ಕೂತಿತು. ಸಂಬಳ, ಪರೀಕ್ಷೆ, ಸಾಲದ ಕಂತು ಗ್ರೆಗೋರಿಯನ್ ತಾರೀಕಿಗೇ ಉಳಿದವು; ಹಬ್ಬ, ಮದುವೆ, ಗೃಹಪ್ರವೇಶ ಹಳೆಯ ಪಂಚಾಂಗಕ್ಕೇ. ಹೊಸ ಕ್ಯಾಲೆಂಡರಿಗೆ ಮಾಡಲು ಕೆಲಸವೇ ಇರಲಿಲ್ಲ. ಮೇಲಾಗಿ ತಿಂಗಳುಗಳಿಗೆ ಹಳೆಯ ಹೆಸರನ್ನೇ ಇಟ್ಟದ್ದು ಗೊಂದಲ ಹೆಚ್ಚಿಸಿತು. 2025ರಲ್ಲಿ ರಾಷ್ಟ್ರೀಯ ಚೈತ್ರ 1 ಬಿದ್ದದ್ದು ಮಾರ್ಚ್ 22ಕ್ಕೆ, ಕನ್ನಡಿಗರ ಚೈತ್ರ ಶುದ್ಧ ಪಾಡ್ಯ, ಅಂದರೆ ಯುಗಾದಿ, ಮಾರ್ಚ್ 30ಕ್ಕೆ. ಅದರ ಹಿಂದಿನ ವರ್ಷ ಯುಗಾದಿ ಏಪ್ರಿಲ್ 9ರಂದಿತ್ತು. ತುಳುನಾಡಿಗೆ ಹೊಸ ವರ್ಷ ಏಪ್ರಿಲ್ ಮಧ್ಯದ ಬಿಸುವಿಗೆ, ಕೊಡವರಿಗೆ ಅದೇ ಹೊತ್ತಿನ ಎಡಮ್ಯಾರಿಗೆ. ಈ ಬಾಳುತ್ತಿರುವ ಹೊಸ ವರ್ಷಗಳ ನಡುವೆ ಮಾರ್ಚ್ 22ನ್ನು ಮನೆಗೆ ಕರೆದವರಿಲ್ಲ.

ಆದರೂ ಸಾಹಾ ಎತ್ತಿದ ಮೂಲ ಪ್ರಶ್ನೆ ಹಾಗೆಯೇ ಇದೆ. ಅದು ಅನುಕೂಲದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ. ಪಂಚಾಂಗದ ಸೌರವರ್ಷ ಸೂರ್ಯ ಮರಳಿ ಅದೇ ನಕ್ಷತ್ರದ ಬಳಿ ಬರುವ ಕಾಲ. ಋತುಗಳು ಮರಳುವ ಕಾಲ ಅದಕ್ಕಿಂತ ಇಪ್ಪತ್ತು ನಿಮಿಷ ಚಿಕ್ಕದು. ಭೂಮಿಯ ಅಕ್ಷ ನಿಧಾನವಾಗಿ ತಿರುಗುತ್ತಿರುವುದೇ ಇದಕ್ಕೆ ಕಾರಣ. ಇಪ್ಪತ್ತು ನಿಮಿಷ ಸೇರಿಸೇರಿ ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು 1863ರಲ್ಲಿ ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಅಂದಿನ ತಾರೀಕು ಜನವರಿ 12. ಇಂದು ಸಂಕ್ರಾಂತಿ 14 ಅಥವಾ 15ಕ್ಕೆ ಬರುತ್ತದೆ, ಮುಂದೆ 16ಕ್ಕೂ ಹೋಗುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಈಗ ಅವುಗಳ ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರ.

ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ದೇವಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಗುಹೆಯೊಳಗಿನ ಲಿಂಗದ ಮೇಲೆ ಬೀಳುವುದನ್ನು ನೋಡಲು ಜನಸಾಗರ ಸೇರುತ್ತದೆ. ಅದೇ ಬೆಳಕು ನವೆಂಬರ್ ಕೊನೆಯಲ್ಲಿಯೂ ಒಮ್ಮೆ ಒಳಗೆ ಬರುತ್ತದೆ, ಆಗ ನೋಡುವವರು ಕಡಿಮೆ. ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಸೂರ್ಯ ಅದೇ ಜಾಗದಲ್ಲಿ ಮುಳುಗುವುದರಿಂದ ಹೀಗೆ. ಆ ಎರಡು ದಿನಗಳ ನಟ್ಟನಡುವೆ ಬರುವ ಡಿಸೆಂಬರ್ ತಿರುವೇ ನಿಜವಾದ ಉತ್ತರಾಯಣ.

ಈ ಅಂತರ ರೈತರ ಲೆಕ್ಕಕ್ಕೂ ಸೇರಿದೆ. ಕರ್ನಾಟಕದ ಬೇಸಾಯ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಮಳೆ ನಕ್ಷತ್ರಗಳ ಮೇಲೆ ನಡೆಯುತ್ತದೆ. ಒಂದೊಂದರಲ್ಲೂ ಸೂರ್ಯ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಯಾವ ಮಳೆಗೆ ಏನು ಬಿತ್ತಬೇಕೆಂಬ ಗಾದೆಗಳ ಭಂಡಾರವೇ ಇದೆ. ಮೃಗಶಿರ ಈಗ ಜೂನ್ ಮೊದಲ ವಾರದ ಕೊನೆಗೆ ಹೂಡುತ್ತದೆ, ಮುಂಗಾರು ಕಾಲಿಡುವ ಹೊತ್ತಿಗೆ. ಮುಂಗಾರು ನಡೆಯುವುದು ಋತುವಿನ ಸೂರ್ಯನೊಂದಿಗೆ, ನಕ್ಷತ್ರಗಳೊಂದಿಗಲ್ಲ. ಒಂದು ತಲೆಮಾರಿಗೆ ಇದರಿಂದ ಏನೂ ಆಗದು, ಸಾವಿರ ವರ್ಷಕ್ಕೆ ಒಂದು ಮಳೆ ನಕ್ಷತ್ರ ಪೂರ್ತಿ ಸರಿದುಹೋಗುತ್ತದೆ.

ಸಾಹಾ ಸಮಿತಿ ಇದಕ್ಕೆ ಸೂಚಿಸಿದ ಪರಿಹಾರ ಹದವಾದದ್ದು. ತಿಥಿ ನಕ್ಷತ್ರಗಳನ್ನು ಯಾರೂ ಬಿಡಬೇಕಿಲ್ಲ. ಲೆಕ್ಕ ಇಂದಿನ ಖಗೋಳವಿಜ್ಞಾನದಂತೆ ಇರಲಿ, ವಿಷುವಕ್ಕೂ ನಕ್ಷತ್ರಚಕ್ರಕ್ಕೂ ಬಿದ್ದಿರುವ ಅಂತರ ಮುಂದೆ ಬೆಳೆಯದಂತೆ 23 ಡಿಗ್ರಿ 15 ಮಿನಿಟಿಗೆ ನಿಲ್ಲಲಿ ಎಂದಿತು. ಹಾಗೆ ಮಾಡಿದ್ದರೆ ಸಂಕ್ರಾಂತಿ ಈಗಿರುವ ಋತುವಿನಲ್ಲೇ ನೆಲೆ ನಿಲ್ಲುತ್ತಿತ್ತು. ಕೋಲ್ಕತ್ತದ ಖಗೋಳ ಕೇಂದ್ರ ಹೊರತರುವ ರಾಷ್ಟ್ರೀಯ ಪಂಚಾಂಗ ಕನ್ನಡದಲ್ಲೂ ಅಚ್ಚಾಗುತ್ತಿದೆ. ಮಠಗಳ ಪಂಚಾಂಗಕರ್ತರು, ಖಗೋಳವಿಜ್ಞಾನಿಗಳು, ಕೃಷಿ ಬಲ್ಲವರು ಒಟ್ಟಿಗೆ ಕೂತು ಈ ಒಂದು ಅಂಶವನ್ನು ಮತ್ತೆ ಚರ್ಚಿಸಬೇಕು. ಅದಕ್ಕೆ ಯಾರ ವಾರವನ್ನೂ ಯಾರ ಸಂತೆಯನ್ನೂ ಕದಲಿಸಬೇಕಾಗಿಲ್ಲ, ಬೇಕಾದ ಗಣಿತ 1955ರ ವರದಿಯಲ್ಲಿ ಸಿದ್ಧವಾಗಿಯೇ ಇದೆ.